ಮೊದಲ ಹನ್ನೆರಡು ಬೈಟು

ಹರಿಹರದ ಆ ಕಾರ್ಖಾನೆಯೊಳಗೆ ನಾನು ಕಾಲಿಟ್ಟದ್ದೇ ಒಂದು ಸುಳ್ಳು ಹೊತ್ತುಕೊಂಡು. "ಇವರು ದಾವಣಗೆರೆಯಿಂದ ಬಂದಿದಾರೆ, ಎಲ್ಲಾ ಮಿಷಿನ್‌ಗಳಿಗೂ ವೈರಸ್ ಚೆಕ್ ಮಾಡ್ತಾರೆ" ಎಂದು ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ನನ್ನನ್ನು ಡ್ರಾಯಿಂಗ್ ಸೆಕ್ಷನ್ನಿನವರಿಗೆ ಪರಿಚಯಿಸಿದರು. ನಾನು ಹೌದೆಂದು ತಲೆಯಾಡಿಸಿದೆ. ನನ್ನ ನಿಜವಾದ ಕೆಲಸ ಅಲ್ಲಿ ಕೂತಿದ್ದವರಲ್ಲಿ ಕಳ್ಳ ಯಾರು ಎಂದು ಪತ್ತೆಹಚ್ಚುವುದು.

ಅದು ತೊಂಬತ್ತೆಂಟರ ಬೇಸಿಗೆ. ಕಾರ್ಖಾನೆಯವರು ಗೇರ್ ಪೆಟ್ಟಿಗೆಯ ಬಿಡಿಭಾಗಗಳನ್ನು ಮಾಡುತ್ತಿದ್ದರು. ಅವರ ಹೊಸದೊಂದು ಭಾಗದ ಡ್ರಾಯಿಂಗು, ಅಳತೆ ಸಮೇತ, ದಾವಣಗೆರೆಯ ಯಾವುದೋ ವರ್ಕ್‌ಶಾಪಿನವರ ಕೈಯಲ್ಲಿ ಸಿಕ್ಕಿತ್ತು. ಡ್ರಾಯಿಂಗುಗಳೆಲ್ಲ ಇದ್ದದ್ದು ಒಂದು ಫೈಲ್ ಸರ್ವರ್‌ನಲ್ಲಿ. ಅದಕ್ಕೆ ಹನ್ನೆರಡು ಕಂಪ್ಯೂಟರುಗಳು ಒಂದೇ ಕಪ್ಪು ಕೇಬಲಿನಿಂದ ಸಾಲಾಗಿ ಕಟ್ಟಿಕೊಂಡಿದ್ದವು. ಯಾವ ಕಂಪ್ಯೂಟರಿನಿಂದ ಯಾರು ಡ್ರಾಯಿಂಗುಗಳನ್ನು ರಾಶಿ ರಾಶಿ ಎಳೆದುಕೊಳ್ಳುತ್ತಿದ್ದಾರೆ ಎಂದು ಸದ್ದಿಲ್ಲದೆ ಕಂಡುಹಿಡಿದು ಕೊಡಬೇಕು. ಅವರ ಕಂಪ್ಯೂಟರುಗಳ ರಿಪೇರಿ ನೋಡಿಕೊಳ್ಳುತ್ತಿದ್ದ ನಮ್ಮ ಅಂಗಡಿಗೆ ಈ ಕೆಲಸ ಬಂತು. ಅಂಗಡಿಯಲ್ಲಿ ಸಿ ಭಾಷೆ ಗೊತ್ತಿದ್ದವನು ನಾನೊಬ್ಬನೇ ಆದ್ದರಿಂದ ಮಾಲೀಕರು ನನ್ನ ಕಡೆ ನೋಡಿದರು.

ನನ್ನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಹುಟ್ಟಾ ಅನುಮಾನದ ಪ್ರಾಣಿ. ಚಿಲ್ಲರೆಯನ್ನು ಎರಡು ಸಲ ಎಣಿಸುವವನು, ಬಾಗಿಲಿಗೆ ಬೀಗ ಹಾಕಿ ಜಗ್ಗಿ ನೋಡಿ, ನಾಲ್ಕು ಹೆಜ್ಜೆ ಹೋದ ಮೇಲೆ ಮತ್ತೆ ಬಂದು ಜಗ್ಗುವವನು. ಇಂಥ ಕೆಲಸಕ್ಕೆ ನನ್ನಷ್ಟು ತಕ್ಕವನು ಇನ್ನೊಬ್ಬನಿಲ್ಲ ಎಂದು ಒಳಗೊಳಗೇ ಬೀಗಿದೆ.

ಕೇಬಲಿನಲ್ಲಿ ಹರಿಯುವ ಮಾಹಿತಿ ಸಣ್ಣ ಸಣ್ಣ ಕಟ್ಟುಗಳಾಗಿ ಹೋಗುತ್ತದೆ. ಪ್ರತಿ ಕಟ್ಟಿನ ತಲೆಯ ಮೇಲೂ ಹದಿನಾಲ್ಕು ಬೈಟಿನ ಒಂದು ಚೀಟಿ. ಅದರಲ್ಲಿ ಕಳಿಸಿದ ಯಂತ್ರದ ವಿಳಾಸ ಆರು ಬೈಟು, ತಲುಪಬೇಕಾದ ಯಂತ್ರದ ವಿಳಾಸ ಆರು ಬೈಟು, ಕೊನೆಗೆ ಒಳಗಿರುವುದು ಯಾವ ಬಗೆಯದು ಎಂದು ಹೇಳುವ ಎರಡು ಬೈಟು. ಪ್ರತಿ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿಗೂ ತನ್ನದೇ ಆದ ವಿಳಾಸವೊಂದು ಹುಟ್ಟಿನಿಂದಲೇ ಬಂದಿರುತ್ತದೆ. ಕಪ್ಪು ಕೇಬಲಿನಲ್ಲಿ ಒಬ್ಬರ ಕಟ್ಟು ಎಲ್ಲರ ಬಾಗಿಲ ಮುಂದೆಯೇ ಹಾದುಹೋಗುತ್ತದೆ. ತನ್ನದಲ್ಲದ್ದನ್ನು ಕಾರ್ಡು ಸುಮ್ಮನೆ ಬಿಟ್ಟುಬಿಡುತ್ತದೆ, ಅಷ್ಟೆ. ಬಿಡಬೇಡ, ಎಲ್ಲವನ್ನೂ ನನಗೆ ಕೊಡು ಎಂದು ಕಾರ್ಡಿಗೆ ಹೇಳಿದರೆ ಊರಿನವರ ಕಾಗದವೆಲ್ಲ ನಮ್ಮ ಕೈಗೆ ಬರುತ್ತದೆ.

ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೇ ಫೋರ್‌ಎಯ್ಟಿಸಿಕ್ಸ್ ಕಂಪ್ಯೂಟರು ಎತ್ತಿಕೊಂಡು, ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದಿದ್ದ ಸಿ.ಡಿ.ಯಿಂದ ಲಿನಕ್ಸ್ ಹಾಕಿದೆ. ಈ ಕೆಲಸಕ್ಕೆ ಬೇಕಾದ ಪ್ರೋಗ್ರಾಮು ಅದೇ ಸಿ.ಡಿ.ಯಲ್ಲಿ ಸಿದ್ಧವಾಗಿಯೇ ಇತ್ತು. ಆದರೆ ಬೇರೆಯವರು ಬರೆದದ್ದರೊಳಗೆ ಏನಿದೆಯೋ ಯಾರಿಗೆ ಗೊತ್ತು ಎಂದು ನಾನು ಅದನ್ನು ಮುಟ್ಟಲಿಲ್ಲ. ಕಾಲೇಜು ಲೈಬ್ರರಿಯ ಪುಸ್ತಕವೊಂದರಿಂದ ಮಾಡಿಸಿಕೊಂಡಿದ್ದ ಒಂದು ಜೆರಾಕ್ಸ್ ಹಾಳೆ ನನ್ನಲ್ಲಿತ್ತು. ಪುಸ್ತಕದ ಮಡಿಕೆಯಲ್ಲಿ ಬಿದ್ದಿದ್ದ ಆ ಚೀಟಿಯ ಚಿತ್ರ ಅರ್ಧ ಕಪ್ಪಾಗಿತ್ತು. ಆರು, ಆರು, ಎರಡು ಎಂಬ ಅಂಕಿಗಳು ಕಾಣುತ್ತಿದ್ದವು, ಹೆಸರುಗಳು ಮಸಿಯಲ್ಲಿ ಮುಳುಗಿದ್ದವು. ನನಗೆ ಅಷ್ಟು ಸಾಕಾಯಿತು. ಮೊದಲ ಆರು ಬೈಟಿಗೆ 'ಇಂದ', ಮುಂದಿನ ಆರು ಬೈಟಿಗೆ 'ಗೆ', ಕೊನೆಯ ಎರಡಕ್ಕೆ 'ಬಗೆ' ಎಂದು ಹೆಸರಿಟ್ಟು, ಚೀಟಿಯನ್ನು ಬಿಡಿಸುವ ಅಚ್ಚಿನಂಥ ಒಂದು ಸ್ಟ್ರಕ್ಚರ್ ಬರೆದೆ. ಹೈಸ್ಕೂಲಿನಲ್ಲಿದ್ದಾಗಿನಿಂದ ನಮ್ಮೂರು ಸಾರಥಿಯ ಜನರಿಗೆ ಅರ್ಜಿ ಬರೆದುಕೊಟ್ಟ ಕೈ ಇದು. ಎಡಗಡೆ ಮೇಲೆ 'ಇವರಿಂದ', ಅದರ ಕೆಳಗೆ 'ಇವರಿಗೆ', ಆಮೇಲೆ ವಿಷಯ. ಕೈ ತಾನಾಗಿ ಹಾಗೇ ಓಡಿತು. ನಾನು ಒಂದು ಕ್ಷಣವೂ ನಿಂತು ಯೋಚಿಸಲಿಲ್ಲ.

ಹದಿನಾಲ್ಕು ಬೈಟನ್ನು ಬಿಡಿಸಿ ತೋರಿಸುವುದು ಕೇಳಲು ಸುಲಭ, ಆದರೆ ನನಗೆ ನಾಲ್ಕು ದಿನ ನೀರು ಕುಡಿಸಿತು. ಮೊದಲ ದಿನ ವಿಳಾಸದ ಕೆಲವು ಬೈಟುಗಳು ಎರಡಂಕಿಯ ಬದಲು ಎಂಟಂಕಿಯಾಗಿ, ಮುಂದೆ ಎಫ್‌ಗಳ ಬಾಲ ಕಟ್ಟಿಕೊಂಡು ಬಂದವು. ಈ ವಿಳಾಸಗಳನ್ನು ಬರೆಯುವ ಲೆಕ್ಕದಲ್ಲಿ ಒಂಬತ್ತರ ಮೇಲಿನ ಅಂಕಿಗಳಿಗೆ ಎ ಇಂದ ಎಫ್ ವರೆಗಿನ ಅಕ್ಷರಗಳು. ಬೈಟನ್ನು ಸಿ ಭಾಷೆಯ ಬರೀ ಕ್ಯಾರ್ ಎಂಬ ಜಾತಿಯದೆಂದು ಇಟ್ಟುಕೊಂಡಿದ್ದೆ. ನೂರಿಪ್ಪತ್ತೇಳರ ಮೇಲಿನದೆಲ್ಲ ಅದಕ್ಕೆ ಋಣಸಂಖ್ಯೆಯಾಗಿ ಕಾಣುತ್ತಿತ್ತು. ಅನ್‌ಸೈನ್ಡ್, ಅಂದರೆ ಋಣಚಿಹ್ನೆಯಿಲ್ಲದ್ದು, ಎಂದು ಮುಂದೆ ಸೇರಿಸಿದ ಮೇಲೆ ಬಾಲ ಉದುರಿತು. ಎರಡನೇ ದಿನ 'ಬಗೆ'ಯ ಎರಡು ಬೈಟುಗಳು ತಿರುವುಮುರುವಾಗಿ ಬಂದವು. ಕೇಬಲಿನಲ್ಲಿ ದೊಡ್ಡ ಬೈಟು ಮೊದಲು ಬರುತ್ತದೆ, ನಮ್ಮ ಯಂತ್ರ ಸಣ್ಣದನ್ನು ಮೊದಲು ಓದುತ್ತದೆ. ಅವನ್ನು ಅದಲುಬದಲು ಮಾಡುವ ಫಂಕ್ಷನ್ ಹುಡುಕಿ ಹಾಕಿದೆ.

ಮೂರನೇ ತೊಡಕು ಎಲ್ಲಕ್ಕಿಂತ ಕೆಟ್ಟದ್ದು. 'ಬಗೆ'ಯ ಜಾಗದಲ್ಲಿ ಒಂದು ನಿಶ್ಚಿತ ಅಂಕಿ ಇರಬೇಕಲ್ಲ, ಇಲ್ಲಿ ಕಟ್ಟು ಕಟ್ಟಿಗೂ ಬೇರೆ ಬೇರೆ ಅಂಕಿ. ಯಾರೋ ಗುಟ್ಟಿನ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ ಎಂದು ನನ್ನ ಮೈ ಜುಮ್ಮೆಂದಿತು. ಒಂದೂವರೆ ದಿನ ಆ ಗುಟ್ಟನ್ನು ಒಡೆಯಲು ಕೂತೆ. ಕೊನೆಗೆ ಗೊತ್ತಾದದ್ದು, ಆ ಜಾಗದಲ್ಲಿ ಒಂದೂವರೆ ಸಾವಿರ ಅಥವಾ ಅದಕ್ಕಿಂತ ಕಡಿಮೆ ಅಂಕಿ ಇದ್ದರೆ ಅದು ಬಗೆಯಲ್ಲ, ಕಟ್ಟಿನ ಉದ್ದ ಎಂದು. ಅವರ ಸರ್ವರ್ ಹಾಗೆ ಬರೆಯುವ ಜಾತಿಯದು. ನನ್ನ ಗುಟ್ಟಿನ ಭಾಷೆ ಬರೀ ಅಳತೆಯ ಅಂಕಿಯಾಗಿ ಉಳಿಯಿತು. ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು.

ದಿನಾ ಬೆಳಿಗ್ಗೆ ದಾವಣಗೆರೆಯಿಂದ ಬಸ್ಸು ಹತ್ತಿ ಹರಿಹರಕ್ಕೆ ಹೋಗುತ್ತಿದ್ದೆ. ಗೇಟಿನಲ್ಲಿ ಸೆಕ್ಯುರಿಟಿಯವನು ನನ್ನ ಫ್ಲಾಪಿಗಳನ್ನು ಒಂದೊಂದಾಗಿ ಎಣಿಸಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಸಂಜೆ ಹೊರಡುವಾಗ ಮತ್ತೆ ಎಣಿಕೆ. ಒಳಗೆ ಡ್ರಾಯಿಂಗ್ ಸೆಕ್ಷನ್ನಿನ ಮೂಲೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಸ್ಕ್ರೀನು ಯಾರಿಗೂ ಕಾಣದ ಹಾಗೆ ಕೂತೆ. ಪ್ರತಿ ಕಂಪ್ಯೂಟರಿನ ವಿಳಾಸ ಯಾವುದು, ಅದರ ಮುಂದೆ ಕೂರುವವರು ಯಾರು ಎಂದು ಪಟ್ಟಿ ಮಾಡಿಕೊಂಡೆ. ಬಂದ ಚೀಟಿಗಳನ್ನೆಲ್ಲ ಹಾಗೇ ಡಿಸ್ಕಿನಲ್ಲಿ ಉಳಿಸಿ, ಜೊತೆಗೆ ಸ್ಕ್ರೀನಿನ ಮೇಲೆ ಸಾಲುಸಾಲಾಗಿ ತೋರಿಸುವ ಏರ್ಪಾಡು ಮಾಡಿದೆ. ಸಮಯ, ಇಂದ, ಗೆ, ಬಗೆ, ಉದ್ದ.

ಸ್ಟೋರ್ಸಿನ ಗುಮಾಸ್ತ ನಾನು ಹತ್ತಿರ ಹೋದೊಡನೆ ಸ್ಕ್ರೀನಿನ ಮೇಲಿನ ಕಿಟಕಿ ಮುಚ್ಚುತ್ತಿದ್ದ. ಅವನ ಹೆಸರಿನ ಮುಂದೆ ಒಂದು ಗೀಟು ಹಾಕಿಕೊಂಡೆ. ಆಮೇಲೆ ನೋಡಿದರೆ ಅವನು ಇಸ್ಪೀಟು ಆಡುತ್ತಿದ್ದ. ಹಿರಿಯ ಡ್ರಾಫ್ಟ್ಸ್‌ಮನ್ ಒಬ್ಬರು ದಿನಾ ಒಂದು ಹಾಳೆ ಮಡಿಚಿ ಜೇಬಿಗಿಡುತ್ತಿದ್ದರು. ಅವರಿಗೂ ಒಂದು ಗೀಟು. ಅದು ಮೊಮ್ಮಗಳ ಚಿತ್ರಕ್ಕೆಂದು ಒಯ್ಯುತ್ತಿದ್ದ ರದ್ದಿ ಹಾಳೆ. ಹೀಗೆ ನಾನು ಯಾರನ್ನೂ ಬಿಡಲಿಲ್ಲ.

ನನ್ನನ್ನು ಅನುಮಾನದಿಂದ ನೋಡಿದವಳು ಒಬ್ಬಳೇ. ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಹಾಕುತ್ತಿದ್ದ ಆಪರೇಟರ್. ದಾವಣಗೆರೆಯವಳೇ, ನಾನು ಬರುವ ಬಸ್ಸಿನಲ್ಲೇ ಬರುತ್ತಿದ್ದಳು. ಮೂರನೇ ದಿನ ನೇರವಾಗಿ ನನ್ನ ಮೇಜಿನ ಮುಂದೆ ಬಂದು ನಿಂತಳು.

"ಸರ್, ವೈರಸ್ ನೋಡೋರು ಎಲ್ಲಾರ ಮಿಷಿನ್ ಹತ್ರ ಹೋಗಿ ನೋಡ್ತಾರೆ. ನೀವು ಯಾಕ ಮೂಲ್ಯಾಗ ಕುಂತೀರಿ, ಅದೂ ಸ್ಕ್ರೀನ್ ತಿರುವಿಕೊಂಡು?"

"ಇದು ಹೊಸ ಥರದ್ದು ಮೇಡಂ, ಇಲ್ಲಿಂದಲೇ ಆಗುತ್ತೆ" ಎಂದೆ.

"ಹೌದೇನ್ರಿ" ಎಂದು ಹೋದಳು. ಕಳ್ಳರಿಗೆ ತಾನೇ ಪೊಲೀಸರ ವಾಸನೆ ಬೇಗ ಹತ್ತುವುದು ಎಂದುಕೊಂಡು ಆಕೆಯ ಹೆಸರಿನ ಮುಂದೆ ಎರಡು ಗೀಟು ಹಾಕಿದೆ.

ಒಂಬತ್ತು ದಿನದ ಸಾಲುಗಳು ಕೂಡಿದ ಮೇಲೆ ಚಿತ್ರ ಸ್ಪಷ್ಟವಾಯಿತು, ಅಥವಾ ಆಯಿತು ಎಂದು ನಾನು ತಿಳಿದೆ. ಉಳಿದವರೆಲ್ಲ ಬೆಳಗಿನಿಂದ ಸರ್ವರ್‌ಗೆ ದೊಡ್ಡ ದೊಡ್ಡ ಕಟ್ಟುಗಳನ್ನು ಕಳಿಸುತ್ತಿದ್ದರು. ಈಕೆ ಒಬ್ಬಳೇ ಉಲ್ಟಾ. ಇಡೀ ಬೆಳಿಗ್ಗೆ ಸದ್ದಿಲ್ಲ, ದಿನಾ ಹನ್ನೆರಡೂವರೆಗೆ ಸರಿಯಾಗಿ ಸರ್ವರ್‌ನಿಂದ ಆಕೆಯ ಯಂತ್ರಕ್ಕೆ ಸಾವಿರ ಬೈಟಿಗೂ ಮೀರಿದ ಕಟ್ಟುಗಳು ಹತ್ತು ನಿಮಿಷ ಒಂದೇ ಸಮ ಸುರಿಯುತ್ತಿದ್ದವು. ಎಲ್ಲರೂ ಡಬ್ಬಿ ತೆಗೆದುಕೊಂಡು ಊಟಕ್ಕೆ ಏಳುವ ಹೊತ್ತು ಅದು.

ಇನ್ನೂ ಒಂದು ವಿಚಿತ್ರ ಇತ್ತು. ಹನ್ನೆರಡೂ ಅಂಕಿ ಎಫ್ ಇರುವ ವಿಳಾಸವೊಂದಿದೆ. ಅದು ಯಾವ ಯಂತ್ರದ್ದೂ ಅಲ್ಲ, ಎಲ್ಲರಿಗೂ ಕೇಳಲಿ ಎಂದು ಕೂಗುವಾಗ 'ಗೆ' ಎಂಬಲ್ಲಿ ಬರೆಯುವಂಥದ್ದು. ಅದು ನನ್ನ ಸ್ಕ್ರೀನಿನಲ್ಲಿ 'ಇಂದ' ಎಂಬ ಕಾಲಮ್ಮಿನಲ್ಲಿ ಮೇಲಿಂದ ಮೇಲೆ ಬರುತ್ತಿತ್ತು. ಯಾವ ಯಂತ್ರವೂ ಆ ವಿಳಾಸದಿಂದ ಕಳಿಸಲು ಸಾಧ್ಯವಿಲ್ಲ ಎಂದು ನಾನೇ ಓದಿದ್ದೆ. ಹಾಗಾದರೆ ಇದೇನು ಎಂದು ಯೋಚಿಸಿದೆ. ಗುರುತು ಸಿಗಬಾರದೆಂದು ಯಾರೋ ಹಾಕಿಕೊಂಡ ಮುಸುಕು ಎಂದು ತೀರ್ಮಾನಿಸಿದೆ. ನನ್ನ ಪ್ರೋಗ್ರಾಮು ತಪ್ಪು ತಪ್ಪು ಎಂದು ಬಾಯಿ ಬಡಿದುಕೊಳ್ಳುತ್ತಿತ್ತು. ನನಗೆ ಅದು ಇನ್ನೊಬ್ಬರ ಅಪರಾಧವಾಗಿ ಕೇಳಿಸಿತು.

ಆ ಸಂಜೆ ಬಸ್ಸಿನಲ್ಲಿ ಆಕೆಯಿಂದ ಮೂರು ಸೀಟು ಹಿಂದೆ ಕೂತೆ. ಕೈಯಲ್ಲಿ ಒಂದು ಉಬ್ಬಿದ ಬಟ್ಟೆಚೀಲ. ದಾವಣಗೆರೆಯಲ್ಲಿ ಇಳಿದವಳು ಮನೆಯ ಕಡೆ ಹೋಗದೆ, ಶಾಮನೂರು ರಸ್ತೆಯ ಕಡೆಯ ಲೇತ್ ಅಂಗಡಿಗಳ ಸಾಲಿಗೆ ಹೋದಳು. ನಾಚಿಕೆಗೆಟ್ಟು ನಾನೂ ಹಿಂಬಾಲಿಸಿದೆ. ಒಂದು ಅಂಗಡಿಯಲ್ಲಿ ಎಣ್ಣೆ ಮೆತ್ತಿದ ಅಂಗಿಯ ಒಬ್ಬಾತ ಬಂದು ಚೀಲ ಇಸಿದುಕೊಂಡ. ಆಕೆಯ ಅಣ್ಣ, ಸ್ವಂತ ಲೇತ್ ಅಂಗಡಿ ಎಂದು ಪಕ್ಕದ ಚಹಾದಂಗಡಿಯಲ್ಲಿ ವಿಚಾರಿಸಿ ತಿಳಿದುಕೊಂಡೆ. ಗೇರಿನ ಡ್ರಾಯಿಂಗು, ಲೇತ್ ಅಂಗಡಿಯ ಅಣ್ಣ. ನನಗೆ ಇನ್ನೇನು ಬೇಕಿತ್ತು!

ಮರುದಿನವೇ ಪ್ರಿಂಟ್ ತೆಗೆದು, ಹನ್ನೆರಡೂವರೆಯ ಸಾಲುಗಳಿಗೆ ಕೆಂಪು ಪೆನ್ನಿನಲ್ಲಿ ಗೀಟು ಹಾಕಿ, ಚೀಲದ ಕಥೆಯನ್ನೂ ಬಾಯಲ್ಲಿ ಸೇರಿಸಿ ಮುಖ್ಯಸ್ಥರಿಗೆ ಕೊಟ್ಟೆ.

"ನಂಗ ಮೊದ್ಲೇ ಗೊತ್ತಿತ್ತು ಕಣ್ರಿ" ಎಂದರು ಅವರು. ಯಾರ ಹೆಸರು ಬಂದಿದ್ದರೂ ಅವರು ಅದೇ ಮಾತನ್ನೇ ಅನ್ನುತ್ತಿದ್ದರೋ ಏನೋ.

ಮಧ್ಯಾಹ್ನದೊಳಗೆ ಆಕೆಗೆ ಮೆಮೊ ಹೋಯಿತು. ಮೂರು ದಿನದಲ್ಲಿ ವಿವರಣೆ ಕೊಡಬೇಕು, ಇಲ್ಲವಾದರೆ ಕೆಲಸದಿಂದ ತೆಗೆದು ಪೊಲೀಸರಿಗೆ ದೂರು ಎಂದು ಅದರಲ್ಲಿತ್ತು. ಆಕೆಯ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿದರು. ಆದರೂ ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ಅದರ ಮುಂದೆ ಬರಿಗೈಯಲ್ಲಿ ಕೂರಬೇಕು ಎಂದು ಮುಖ್ಯಸ್ಥರ ಅಪ್ಪಣೆ. ಪಕ್ಕದವರು ಕುರ್ಚಿ ಎರಡು ಅಡಿ ಆಚೆ ಎಳೆದುಕೊಂಡರು. ಹರಿಹರದಿಂದ ಹೊರಡುವ ಬಸ್ಸಿನಲ್ಲಿ ಆಕೆ ಒಬ್ಬಳೇ ಒಂದು ಸೀಟಿನಲ್ಲಿ ಕೂರುವುದನ್ನು ಎರಡು ಸಂಜೆ ನೋಡಿದೆ. ಪಾಪ ಎಂದು ಒಂದು ಗಳಿಗೆಯೂ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ನನ್ನ ಪ್ರೋಗ್ರಾಮು ಕೆಲಸ ಮಾಡಿತು ಎಂದು ಹಿಗ್ಗಿನಲ್ಲಿದ್ದೆ.

ಮೂರನೇ ದಿನ ವರ್ಕ್ಸ್ ಮ್ಯಾನೇಜರರ ಕೋಣೆಯಲ್ಲಿ ವಿಚಾರಣೆ. ಅವರು ಮೂವತ್ತು ವರ್ಷದ ಹಿಂದೆ ಫಿಟ್ಟರ್ ಆಗಿ ಸೇರಿ ಮೇಲೆ ಬಂದವರು. ಕಂಪ್ಯೂಟರ್ ಅಂದರೆ ಅಷ್ಟಕ್ಕಷ್ಟೆ. ಮೇಜಿನ ಒಂದು ಕಡೆ ವಿಭಾಗದ ಮುಖ್ಯಸ್ಥರು, ಇನ್ನೊಂದು ಕಡೆ ನಾನು ಮತ್ತು ನಮ್ಮ ಅಂಗಡಿ ಮಾಲೀಕರು. ಆಕೆ ನಿಂತಿದ್ದಳು. ವರ್ಕ್ಸ್ ಮ್ಯಾನೇಜರರು "ಕೂಡಮ್ಮ" ಎಂದ ಮೇಲೆ ಕೂತಳು.

ಮುಖ್ಯಸ್ಥರು ನನ್ನ ಪ್ರಿಂಟನ್ನು ಮುಂದಿಟ್ಟರು. "ದಿನಾ ಹನ್ನೆರಡೂವರೆಗೆ ಸರ್ವರ್‌ನಾಗಿನ ಡ್ರಾಯಿಂಗ್ ಎಲ್ಲಾ ನಿನ್ನ ಮಿಷಿನ್‌ಗೆ ಹೋಗ್ಯಾವು. ಯಾಕ?"

"ಹೋಗಿಲ್ಲ ಸರ್. ನಾನೇ ಸರ್ವರ್‌ಗೆ ಹಾಕೀನಿ. ಒಂದು ಗಂಟಿಗೆ ಕರೆಂಟ್ ತೆಗೀತಾರೆ. ಯುಪಿಎಸ್ ಇರೋದು ಸರ್ವರ್‌ಗೆ ಮಾತ್ರ. ಹೋದ ವರ್ಷ ಕರೆಂಟ್ ಹೋಗಿ ನನ್ನ ಎರಡು ಡ್ರಾಯಿಂಗ್ ಹಾಳಾದ್ವು. ಅವತ್ತಿಂದ ನನ್ನ ಡಿಸ್ಕಿನಾಗೇ ಕೆಲ್ಸ ಮಾಡಿ, ಕರೆಂಟ್ ಹೋಗೋಕೆ ಮುಂಚೆ ಎಲ್ಲಾ ಸರ್ವರ್‌ಗೆ ಕಾಪಿ ಮಾಡ್ತೀನಿ."

"ಇಲ್ಲಿ ಉಲ್ಟಾ ಐತೆ. ಕಂಪ್ಯೂಟರ್ ಸುಳ್ಳು ಹೇಳಲ್ಲಮ್ಮ. ಮತ್ತ ನಿಮ್ಮಣ್ಣಗ ಚೀಲ ಕೊಟ್ಟಿದ್ದು?"

ಆಕೆ ನನ್ನ ಕಡೆ ತಿರುಗಿದಳು. ಹಿಂಬಾಲಿಸಿದವನು ಯಾರು ಎಂದು ಆ ಕ್ಷಣಕ್ಕೇ ಗೊತ್ತಾಗಿರಬೇಕು. "ಸೊಪ್ಪು ಸರ್ ಅದು. ಹರಿಹರದಾಗ ಹೊಳೆ ಕಡೆಯೋರು ತರೋ ಸೊಪ್ಪು. ಸಂಜಿಗೆ ಬಾಡ್ತೈತಿ, ಅಂಗಡಿಯಿಂದ ಮನಿಗೆ ಸೈಕಲ್ ಮ್ಯಾಲೆ ಬೇಗ ಒಯ್ಯಲಿ ಅಂತ ಅವನ ಕೈಗೆ ಕೊಡ್ತೀನಿ."

ನಮ್ಮ ಮಾಲೀಕರು ಕೆಮ್ಮಿದರು. ನಾನು ಮೇಜಿನ ಅಂಚು ನೋಡಿದೆ.

ಆಕೆ ಆ ಪ್ರಿಂಟನ್ನು ಎಳೆದುಕೊಂಡು, ಕೆಂಪು ಗೀಟುಗಳ ಮೇಲೆ ಒಂದು ಸಲ ಬೆರಳಾಡಿಸಿದಳು. ದನಿಯೇರಿಸದೆ ನನ್ನನ್ನೇ ಕೇಳಿದಳು. "ನಮ್ಮಣ್ಣ ಹೊಸ ಮೈಕ್ರೋಮೀಟರ್ ತಂದ್ರ, ಮೊದಲು ಅಳತೆ ಗೊತ್ತಿರೋ ಪೀಸ್ ಇಟ್ಟು ನೋಡ್ತಾನೆ. ಅದು ಸರಿ ತೋರ್ಸಿದ್ರ ಮಾತ್ರ ಅದ್ರಾಗ ಬ್ಯಾರೆ ಜಾಬ್ ಅಳೀತಾನೆ. ನೀವು ಇದಕ್ಕ ಯಾವ ಪೀಸ್ ಇಟ್ಟು ನೋಡೀರಿ ಸರ್?"

ವರ್ಕ್ಸ್ ಮ್ಯಾನೇಜರರು ಕುರ್ಚಿಯಲ್ಲಿ ಮುಂದಕ್ಕೆ ಬಂದರು. ಇಷ್ಟು ಹೊತ್ತಿನಲ್ಲಿ ಅವರಿಗೆ ಪೂರ್ತಿ ಅರ್ಥವಾದ ಮಾತು ಇದೊಂದೇ. "ಹೌದಲ್ರಿ. ನೋಡೀರೇನು?"

ಮೇಜಿನ ಕೆಳಗೆ ಮಾಲೀಕರು ನನ್ನ ಪಾದ ತುಳಿದರು. 'ನೋಡಿದೀನಿ ಸರ್' ಎಂಬ ಮಾತು ನನ್ನ ನಾಲಿಗೆಯ ತುದಿಗೇ ಬಂದು ಕೂತಿತ್ತು. ಅದನ್ನು ಸುಳ್ಳೆಂದು ಹೇಳಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಬೀಗವನ್ನು ಎರಡು ಸಲ ಜಗ್ಗಿ ನೋಡುವ ನಾನು, ಊರಿನವರನ್ನೆಲ್ಲ ಅನುಮಾನಿಸಿದ ನಾನು, ನನ್ನ ಪ್ರೋಗ್ರಾಮನ್ನು ಒಂದು ಸಲವೂ ಜಗ್ಗಿ ನೋಡಿರಲಿಲ್ಲ. ಅದು ಆಗ ಹೊಳೆಯಿತು.

"ಇಲ್ಲ ಸರ್. ನೋಡಿಲ್ಲ" ಎಂದೆ. "ಈಗಲೇ ನೋಡೋಣ."

ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಸರ್ವರ್, ಆಕೆಯ ಕಂಪ್ಯೂಟರು, ನನ್ನ ಫೋರ್‌ಎಯ್ಟಿಸಿಕ್ಸ್, ಈ ಮೂರನ್ನು ಬಿಟ್ಟು ಉಳಿದದ್ದೆಲ್ಲ ಆಫ್ ಮಾಡಿಸಿದೆ. ಎಲ್ಲರೂ ಗೋಡೆಗೆ ಒರಗಿ ನಿಂತರು. ಮೂರು ದಿನದಿಂದ ಹೊದಿಸಿದ್ದ ಬಟ್ಟೆ ತೆಗೆದು ಆಕೆ ಕೂತಳು. ನನ್ನ ಸ್ಕ್ರೀನನ್ನು ಮೊದಲ ಸಲ ಎಲ್ಲರ ಕಡೆ ತಿರುಗಿಸಿದೆ. ವರ್ಕ್ಸ್ ಮ್ಯಾನೇಜರರು ಆಕೆಯ ಬೆನ್ನ ಹಿಂದೆಯೇ ನಿಂತು, "ಒಂದು ಡ್ರಾಯಿಂಗ್ ನಿನ್ನ ಮಿಷಿನ್‌ನಿಂದ ಸರ್ವರ್‌ಗೆ ಕಳ್ಸಮ್ಮ" ಎಂದರು. ಆಕೆ ಎಂಟರ್ ಒತ್ತಿದಳು.

ನನ್ನ ಸ್ಕ್ರೀನು ಸಾಲುಗಳಿಂದ ತುಂಬಿತು. ದೊಡ್ಡ ಕಟ್ಟುಗಳು ಸಾಲುಸಾಲಾಗಿ. ಇಂದ ಎಂಬಲ್ಲಿ ಸರ್ವರ್, ಗೆ ಎಂಬಲ್ಲಿ ಆಕೆಯ ಯಂತ್ರ.

"ನೋಡ್ರಿ ಸರ್!" ಎಂದರು ಮುಖ್ಯಸ್ಥರು. "ಸರ್ವರ್‌ನಿಂದಲೇ ಬರಾಕ ಹತ್ಯಾವಲ್ಲ."

"ಏನು ನೋಡಾದ್ರೀ" ಎಂದು ವರ್ಕ್ಸ್ ಮ್ಯಾನೇಜರರು ರೇಗಿದರು. "ಅಕಿ ಕಳ್ಸಿದ್ದನ್ನ ನನ್ನ ಕಣ್ಣಾರೆ ನೋಡೀನಿ. ಇವರ ಪೆಟ್ಟಿಗಿ ಹಿಂದುಮುಂದು ತೋರ್ಸಾಕ ಹತ್ತೇತಿ."

ಕೀಬೋರ್ಡಿನ ಮುಂದೆ ಕೂತೆ. ಚೀಟಿಯ ಸರಿಯಾದ ವಿವರ ಬರೆದಿಟ್ಟಿದ್ದ, ಅಷ್ಟು ದಿನ ತೆರೆಯದ ಹೆಡರ್ ಫೈಲನ್ನು, ಆ ಸಿ.ಡಿ.ಯಲ್ಲೇ ಇದ್ದದ್ದನ್ನು, ಎಲ್ಲರೂ ನೋಡುತ್ತಿರುವಾಗ ತೆರೆದೆ. ಮೂರೇ ಸಾಲು ಇತ್ತು ಅಲ್ಲಿ. ಮೊದಲು ತಲುಪಬೇಕಾದ ವಿಳಾಸ, ಆಮೇಲೆ ಕಳಿಸಿದ ವಿಳಾಸ, ಆಮೇಲೆ ಬಗೆ. ಕೇಬಲಿನಲ್ಲಿ ಬರುವ ಕಟ್ಟನ್ನು ಪ್ರತಿ ಕಾರ್ಡೂ ಮೊದಲ ಆರು ಬೈಟು ಓದಿ, ನನಗೋ ಅಲ್ಲವೋ ಎಂದು ಅಲ್ಲಿಂದಲ್ಲಿಗೇ ತೀರ್ಮಾನಿಸಬೇಕು. ಅದಕ್ಕೇ 'ಗೆ' ಮೊದಲು. ಅರ್ಜಿ ಬರೆಯುವ ಕೈಯಿಂದ ಸ್ಟ್ರಕ್ಚರ್ ಬರೆದ ನಾನು ಎರಡನ್ನೂ ತಿರುಗುಮುರುಗು ಮಾಡಿದ್ದೆ. ಹತ್ತಿರ ಬಂದು ನೋಡುತ್ತಿದ್ದ ವರ್ಕ್ಸ್ ಮ್ಯಾನೇಜರರಿಗೆ ಇಷ್ಟನ್ನೂ ಬಿಡಿಸಿ ಹೇಳಿ, "ತಪ್ಪು ನನ್ನದೇ ಸರ್, ಈ ಮೇಡಂದು ಏನೂ ಇಲ್ಲ" ಎಂದೆ.

ಎರಡು ಸಾಲುಗಳ ಜಾಗ ಬದಲಿಸಿ ಮತ್ತೆ ಕಂಪೈಲ್ ಮಾಡಲು ಐದು ನಿಮಿಷವೂ ಹಿಡಿಯಲಿಲ್ಲ. ಆಕೆ ಇನ್ನೊಂದು ಡ್ರಾಯಿಂಗ್ ಕಳಿಸಿದಳು. ಈ ಸಲ ಇಂದ ಎಂಬಲ್ಲಿ ಆಕೆಯ ಯಂತ್ರ, ಗೆ ಎಂಬಲ್ಲಿ ಸರ್ವರ್. ಸರ್ವರ್‌ನಿಂದ ಒಂದನ್ನು ವಾಪಸ್ ತರಿಸಿಯೂ ನೋಡಿದೆವು, ಅದೂ ಸರಿಯಾಗಿ ಬಂತು. ಡಿಸ್ಕಿನಲ್ಲಿ ಉಳಿಸಿದ್ದ ಒಂಬತ್ತು ದಿನದ ಚೀಟಿಗಳನ್ನೆಲ್ಲ ಹೊಸದಾಗಿ ಬಿಡಿಸಿದೆ. ಎಫ್‌ಗಳ ಮುಸುಕು 'ಗೆ' ಕಾಲಮ್ಮಿಗೆ ಹೋಗಿ ತನ್ನ ಪಾಡಿಗೆ ಕೂತಿತು. ಉಳಿದವರು ಬೆಳಿಗ್ಗೆ ಸರ್ವರ್‌ನಿಂದ ಡ್ರಾಯಿಂಗ್ ತೆರೆಯುತ್ತಿದ್ದರು, ಈಕೆ ಹನ್ನೆರಡೂವರೆಗೆ ಉಳಿಸುತ್ತಿದ್ದಳು. ಒಂಬತ್ತು ದಿನದಲ್ಲಿ ಯಾರೂ ಏನನ್ನೂ ಕದ್ದಿರಲಿಲ್ಲ.

"ಮತ್ತ ಆ ಡ್ರಾಯಿಂಗ್ ಹೊರಗ ಹೆಂಗ ಹೋತು?" ಎಂದರು ಮುಖ್ಯಸ್ಥರು. ಅವರಿಗೆ ಇನ್ನೂ ಒಂದು ಹೆಸರು ಬೇಕಿತ್ತು.

ವರ್ಕ್ಸ್ ಮ್ಯಾನೇಜರರು ಇಡೀ ಪುಕಾರಿಗೆ ಕಾರಣವಾದ ಆ ಹಾಳೆಯನ್ನು ತರಿಸಿದರು. ಡ್ರಾಯಿಂಗಿನ ನೀಲಿ ಪ್ರತಿ. ಮೇಜಿನ ಮೇಲೆ ಹರಡಿ, ಅಳತೆಗಳನ್ನು ನೋಡಿ, ಮಗುಚಿದರು. ಹಿಂಭಾಗದಲ್ಲಿ ಕಾರ್ಖಾನೆಯದೇ ಖರೀದಿ ವಿಭಾಗದ ಸೀಲು, 'ದರ ವಿಚಾರಣೆಗಾಗಿ' ಎಂದು. ಆ ಭಾಗವನ್ನು ಹೊರಗೆ ಮಾಡಿಸಿದರೆ ಏನು ದರ ಬೀಳುತ್ತದೆ ಎಂದು ಕೇಳಿ ಖರೀದಿಯವರೇ ನಾಲ್ಕಾರು ವರ್ಕ್‌ಶಾಪುಗಳಿಗೆ ಪ್ರತಿ ಕಳಿಸಿದ್ದರು. ಹೊರಗಿನವರಿಗೆ ದರ ಕೇಳುವಾಗ ಪ್ರತಿ ಕಳಿಸುವುದು ಅಲ್ಲಿನ ಎಂದಿನ ರೂಢಿ. ಅಷ್ಟು ಜನ ಆ ಹಾಳೆಯನ್ನು ಹಿಡಿದು ಗಾಬರಿಯಾಗಿದ್ದರು, ಒಬ್ಬರೂ ತಿರುಗಿಸಿ ನೋಡಿರಲಿಲ್ಲ. ವರ್ಕ್ಸ್ ಮ್ಯಾನೇಜರರು ಮೆಮೊವನ್ನು ಅಲ್ಲೇ ಹರಿದು ಬುಟ್ಟಿಗೆ ಹಾಕಿ, "ತಪ್ಪಾತಮ್ಮ" ಎಂದರು.

ನಮ್ಮ ಮಾಲೀಕರು ಕಾರಿಡಾರಿನಲ್ಲಿ ನನಗೆ ಬಿಡಿಸಿ ಬಿಡಿಸಿ ಬೈದರು. "ನೋಡೀನಿ ಅಂದಿದ್ರೆ ಏನು ಗಂಟು ಹೋಗ್ತಿತ್ತೋ ನಿಂದು? ಆಮೇಲೆ ಸದ್ದಿಲ್ದಂಗೆ ಸರಿ ಮಾಡಬಹುದಿತ್ತಲ್ಲ." ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಸದ್ದಿಲ್ಲದಂತೆ ಸರಿ ಮಾಡುವಷ್ಟರಲ್ಲಿ ಆಕೆಯ ಕೆಲಸ ಹೋಗಿರುತ್ತಿತ್ತು.

ಸಂಜೆ ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಆಕೆ ಕಂಬಕ್ಕೆ ಒರಗಿ ನಿಂತಿದ್ದಳು. ಕೈಯಲ್ಲಿ ಚೀಲ ಇರಲಿಲ್ಲ. ಹತ್ತಿರ ಹೋಗಿ, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನೆಲ್ಲ ಮರೆತು, "ತಪ್ಪಾಯ್ತು ಮೇಡಂ" ಎಂದಷ್ಟೇ ಹೇಳಿದೆ.

"ಕೆಲ್ಸ ಉಳೀತಲ್ಲ ಬಿಡ್ರಿ" ಎಂದಳು. "ಆದ್ರ ಒಂದು ಕೆಲ್ಸ ಕೆಟ್ಟೋಗೇತಿ ಸರ್. ಕಂಪ್ಯೂಟರ್ ಸುಳ್ಳು ಹೇಳಲ್ಲ ಅಂತ ಎಲ್ಲಾರೂ ಅಂದ್ರಲ್ಲ. ನಾನಂತೂ ತಗೊಂಡಿಲ್ಲ, ಮತ್ತ ಯಾರು ಅಂತ ತಲಿ ಕೆಟ್ಟೋತು. ಒಂದು ರವಿವಾರ ನಮ್ಮಣ್ಣ ಫ್ಯಾಕ್ಟರಿ ನೋಡಾಕ ಬಂದಿದ್ದ, ನನ್ನ ಮಿಷಿನ್ ಮುಂದ ಕುಂತಿದ್ದ. ಮೊನ್ನೆ ಊಟಕ್ಕ ಕುಂತಾಗ ಕೇಳ್ಬಿಟ್ಟೆ, ನೀನೇನಾರ ಮಾಡ್ದೇನಣ್ಣ ಅಂತ. ತಟ್ಟಿ ಬಿಟ್ಟು ಎದ್ದೋದ. ಅವತ್ತಿಂದ ಮಾತಿಲ್ಲ."

"ನಾನೇ ಬಂದು ಹೇಳಲಾ?" ಎಂದೆ.

"ಬರ್ರಿ" ಎಂದಳು. "ನಂಗ ಬಾಯಿ ಬರವಲ್ದು."

ದಾವಣಗೆರೆಯಲ್ಲಿ ಇಳಿದು ಇಬ್ಬರೂ ಲೇತ್ ಅಂಗಡಿಗಳ ಸಾಲಿನತ್ತ ನಡೆದೆವು. ಬಿಸಿಲು ಇನ್ನೂ ಇತ್ತು. ಲೇತ್ ಅಂಗಡಿಯಲ್ಲಿ ಆತ ಒಂದು ಶಾಫ್ಟನ್ನು ತಿರುಗಿಸುತ್ತಿದ್ದ. ತಂಗಿಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಶಾಫ್ಟನ್ನು ನೋಡಿದ. ಯಂತ್ರದ ಸದ್ದಿನ ಮೇಲೆ ದನಿಯೆತ್ತಿ ನಾನು ಎಲ್ಲವನ್ನೂ ಹೇಳಿದೆ. ಹಿಂಬಾಲಿಸಿದ್ದು, ಚೀಲ ನೋಡಿದ್ದು, ಎರಡು ವಿಳಾಸ ಅದಲುಬದಲಾದದ್ದು, ಮೂರು ದಿನ ಇವರನ್ನು ಬರಿಗೈಯಲ್ಲಿ ಕೂರಿಸಿದ್ದು. ಅರ್ಧಕ್ಕೆ ಬಂದಾಗ ಆತ ಸ್ವಿಚ್ ಆರಿಸಿದ. ಉಳಿದರ್ಧವನ್ನು ನಾನು ಆ ಸದ್ದಿಲ್ಲದ ಅಂಗಡಿಯಲ್ಲಿ, ಸಣ್ಣ ದನಿಯಲ್ಲಿ ಹೇಳಿ ಮುಗಿಸಿದೆ. "ನಿಮ್ಮ ತಂಗಿ ಹಾಗೆ ಕೇಳಿದ್ದು ನನ್ನ ಹಾಳೆಯ ದೆಸೆಯಿಂದ. ಬೈಯೋದಿದ್ದರೆ ನನ್ನನ್ನು ಬೈಯ್ರಿ" ಎಂದೆ.

ಆತ ನನ್ನನ್ನು ಬೈಯಲಿಲ್ಲ. ನಾನು ಅಲ್ಲಿ ಇದ್ದೇನೆಂಬುದೇ ಮರೆತವನಂತೆ ವೇಸ್ಟ್ ಬಟ್ಟೆಯಲ್ಲಿ ಬೆರಳು ಬೆರಳಾಗಿ ಕೈ ಒರೆಸಿಕೊಂಡ.

"ಎಷ್ಟು ದಿನ ಅಂದ್ಕೊಂಡಿದ್ದೆ, ನಾನೇ ಅಂತ?" ಎಂದು ತಂಗಿಯನ್ನು ಕೇಳಿದ.

"ಎರಡು ದಿನ."

ಆತ ತಲೆಯಾಡಿಸಿದ. ಬಟ್ಟೆಯನ್ನೇ ನೋಡುತ್ತ ಹೇಳಿದ. "ನಾನು ಊಟ ಬಿಟ್ಟು ಎದ್ದದ್ದು ನೀನು ಕೇಳಿದ್ದಕ್ಕ ಅಲ್ಲವ್ವ. ನೀನೇ ಡ್ರಾಯಿಂಗ್ ಯಾರಿಗೋ ಕೊಟ್ಟು, ಈಗ ನನ್ನ ಮ್ಯಾಲೆ ಹಾಕಾಕ ನೋಡ್ತಿ ಅಂತ ಅಂದ್ಕೊಂಡೆ. ಇವತ್ತಿನ ತನಕ ಹಂಗೇ ಅಂದ್ಕೊಂಡಿದ್ದೆ."

ಆಕೆ ಸೆರಗು ಬಾಯಿಗಿಟ್ಟುಕೊಂಡಳು. ಆತ ಸೈಕಲ್ ಹೊರಗೆ ತಂದ, ಶಟರ್ ಎಳೆದು ಬೀಗ ಹಾಕಿದ. "ನಡಿ, ಅವ್ವ ಕಾಯ್ತಿರ್ತಾಳೆ" ಎಂದ. ಇಬ್ಬರೂ ಸೈಕಲ್ಲಿನ ಆಚೆ ಒಬ್ಬರು ಈಚೆ ಒಬ್ಬರು, ಹತ್ತದೆ, ನಡೆದುಕೊಂಡೇ ಹೋದರು. ನನಗೆ ಯಾರೂ ಹೋಗಿ ಬರುತ್ತೇವೆ ಎನ್ನಲಿಲ್ಲ. ಎನ್ನಬೇಕಿತ್ತು ಎಂದು ನನಗೂ ಅನ್ನಿಸಲಿಲ್ಲ.